ಸೀರಿಯಲ್ ಕಿಲ್ಲರ್ ಕಾದಂಬರಿ: ನಿಮಗೆ ಯಾವ ಸೀಟು ಬೇಕು?

ಕಳೆದ ಮಳೆಗಾಲದಲ್ಲಿ ಒಂದು ತಪ್ಪು ಮಾಡಿದೆ. ಆಫೀಸಿನಲ್ಲಿ ಪಕ್ಕದ ಟೇಬಲ್ಲಿನ ಅಕ್ಕ, "ದಿನಾ ಆ ಕೊಲೆ ಪುಸ್ತಕ ಹಿಡ್ಕೊಂಡೇ ಬಸ್ ಇಳೀತೀರಲ್ರಿ, ನಂಗೂ ಒಂದು ಕೊಡ್ರಿ ನೋಡಾಣ" ಅಂದರು. ಚೀಲದಲ್ಲಿ ಯಾವುದಿತ್ತೋ ಅದನ್ನೇ ಕೊಟ್ಟುಬಿಟ್ಟೆ. ನಾಲ್ಕನೇ ದಿನ ಪುಸ್ತಕ ಹಳೇ ಪೇಪರಿನಲ್ಲಿ ಸುತ್ತಿಕೊಂಡು ವಾಪಸ್ ಬಂತು. ಯಾಕೆ ಸುತ್ತಿದ್ದು ಅಂದರೆ, ಮನೆಯಲ್ಲಿ ಮಕ್ಕಳ ಕೈಗೆ ಸಿಗಬಾರದು ಅಂತ. "ಬ್ಯಾಡ್ರಿ ಮೇಡಂ. ಅವನು ಮಾಡಿದ್ದನ್ನ ಅವನ ಬಾಯಲ್ಲೇ ಕೇಳಿ ರಾತ್ರಿ ಊಟ ಸೇರಲಿಲ್ಲ. ಯಾರು ಮಾಡಿದ್ದು ಅಂತ ಹುಡುಕೋ ಕಥೆ ಇರುತ್ತೆ ಅಂದ್ಕೊಂಡಿದ್ದೆ."

ಪುಸ್ತಕ ಚೆನ್ನಾಗಿಯೇ ಇತ್ತು. ಅಕ್ಕನ ದೂರೂ ಸರಿಯಾಗಿತ್ತು. ಕೊಟ್ಟ ನಾನೇ ಒಂದು ಮಾತು ಕೇಳಬೇಕಿತ್ತು. ಬೆಂಗಳೂರಿನ ಗಲ್ಲಿಗಲ್ಲಿಯಲ್ಲಿ "ದಾವಣಗೆರೆ ಬೆಣ್ಣೆ ದೋಸೆ" ಅಂತ ಬೋರ್ಡ್ ಇರುತ್ತಲ್ಲ, ಹಾಗೇ ಈ "ಸೀರಿಯಲ್ ಕಿಲ್ಲರ್ ಥ್ರಿಲ್ಲರ್" ಅನ್ನುವ ಹೆಸರೂ. ಬೋರ್ಡ್ ಒಂದೇ, ಹೆಂಚಿನ ಮೇಲೆ ಬೀಳುವುದು ಬೇರೆ ಬೇರೆ. ಕನ್ನಡದಲ್ಲಿ ಸರಣಿ ಹಂತಕ ಅಂತಲೂ ಬರೆಯುತ್ತಾರೆ. ಆದರೆ ಅಂಗಡಿಗೆ ಹೋಗಿ ಹಾಗೆ ಕೇಳಿದವರನ್ನು ನಾನಿನ್ನೂ ನೋಡಿಲ್ಲ.

ನನ್ನ ಮನೆ ದಾವಣಗೆರೆ, ಕೆಲಸ ಚಿತ್ರದುರ್ಗ. ನಡುವೆ ಹತ್ತಿರಹತ್ತಿರ 60 ಕಿಲೋಮೀಟರ್. ಹೋಗಿ ಬರೋದಕ್ಕೆ ದಿನಕ್ಕೆ ಎರಡೂವರೆ ಗಂಟೆ ಬಸ್ಸಿನಲ್ಲೇ. ಆನಗೋಡು ಬರುವಷ್ಟರಲ್ಲಿ ಒಂದು ಅಧ್ಯಾಯ, ಭರಮಸಾಗರ ದಾಟುವಾಗ ಇನ್ನೊಂದು. ಹೀಗೆ ಓದಿ ಓದಿ ನನಗೆ ತಿಳಿದದ್ದು ಇಷ್ಟು: ಇಂಥ ಕಾದಂಬರಿಯನ್ನು ಆರಿಸುವಾಗ ಎಷ್ಟು ಹೆಣ ಬೀಳುತ್ತವೆ, ಎಷ್ಟು ಸ್ಟಾರ್ ಸಿಕ್ಕಿವೆ ಅಂತ ನೋಡಬಾರದು. ಲೇಖಕರು ನಮ್ಮನ್ನು ಯಾವ ಸೀಟಲ್ಲಿ ಕೂರಿಸುತ್ತಾರೆ ಅಂತ ನೋಡಬೇಕು. ಹುಡುಕುವವನ ಪಕ್ಕವಾ? ಇಬ್ಬರೂ ಕಾಣುವ ಹಾಗೆ ನಡುವೆಯಾ? ಕೊಲೆಗಾರನ ತಲೆಯೊಳಗಾ? ಅಥವಾ ಅವನ ಮನೆಯ ಅಡುಗೆಮನೆಯಲ್ಲಾ?

ಸೀಟಿಗೆ ಹೋಗುವ ಮೊದಲು ಒಂದು ಸಣ್ಣ ವಿಷಯ. ಸಾಮಾನ್ಯ ಪತ್ತೇದಾರಿ ಕಾದಂಬರಿಯಲ್ಲಿ ಕೊಲೆ ಮುಗಿದುಹೋಗಿರುತ್ತದೆ. ಹೆಣ ಲೈಬ್ರರಿಯಲ್ಲೋ ಬಾವಿಯಲ್ಲೋ ಬಿದ್ದಿದೆ, ಮಾಡಿದ್ದು ಯಾರು ಅಂತ ನಿಧಾನಕ್ಕೆ ಹುಡುಕಬಹುದು. ಸೀರಿಯಲ್ ಕಿಲ್ಲರ್ ಕಥೆಯಲ್ಲಿ ಆ ನಿಧಾನ ಇಲ್ಲ. ಅಮೆರಿಕದ ಎಫ್‌ಬಿಐ ಅನ್ನುವ ತನಿಖಾ ಸಂಸ್ಥೆ ಈಗ ಇಟ್ಟುಕೊಂಡಿರುವ ಅರ್ಥದಲ್ಲಿ, ಒಬ್ಬನೇ ಅಥವಾ ಅದೇ ಗುಂಪು, ಬೇರೆ ಬೇರೆ ಸಂದರ್ಭಗಳಲ್ಲಿ ಇಬ್ಬರನ್ನೋ ಹೆಚ್ಚು ಜನರನ್ನೋ ಕೊಂದರೆ ಅದು ಸರಣಿ ಕೊಲೆ. ಆ "ಬೇರೆ ಬೇರೆ ಸಂದರ್ಭ" ಅನ್ನುವುದರಲ್ಲೇ ಎಲ್ಲ ಇದೆ. ಒಂದು ಕೊಲೆಗೂ ಇನ್ನೊಂದಕ್ಕೂ ನಡುವೆ ಒಂದು ಬಿಡುವು ಬರುತ್ತದೆ. ಕೊಲೆಗಾರ ಆ ಬಿಡುವಿನಲ್ಲಿ ಸುಮ್ನೆ ನಮ್ಮ ಹಾಗೇ ಇರುತ್ತಾನೆ. ತರಕಾರಿ ತರುತ್ತಾನೆ, ಆಫೀಸಿಗೆ ಹೋಗುತ್ತಾನೆ. ಪುಟ ತಿರುಗಿಸುವ ಚಡಪಡಿಕೆ ಹುಟ್ಟುವುದು ಕೊಲೆಯಲ್ಲಿ ಅಲ್ಲ, ಈ ಬಿಡುವಿನಲ್ಲಿ.

ಆ ಚಡಪಡಿಕೆಯಲ್ಲೂ ಎರಡು ಜಾತಿ ಇವೆ. ದಾವಣಗೆರೆಯ ಅಶೋಕ ರಸ್ತೆಯ ರೈಲ್ವೆ ಗೇಟಿನ ಮುಂದೆ ನಿಂತು ನಿಂತು ವಯಸ್ಸು ಕಳೆದವರಿಗೆ ಇದನ್ನು ವಿವರಿಸುವುದು ಸುಲಭ. ಗೇಟ್ ಬಿದ್ದಿದೆ. ರೈಲು ಹರಿಹರದ ಕಡೆಯಿಂದ ಬರುತ್ತೋ ಬೆಂಗಳೂರಿನ ಕಡೆಯಿಂದಲೋ ಗೊತ್ತಿಲ್ಲ. ಕತ್ತು ಚಾಚಿ ಎರಡೂ ಕಡೆ ನೋಡುತ್ತೀರಿ. ಇದು ಒಂದು. ರೈಲು ಬರುತ್ತಿರುವುದು ನಿಮಗೆ ಕಾಣುತ್ತಿದೆ, ಅಷ್ಟರಲ್ಲಿ ಯಾರೋ ಒಬ್ಬ ಬೈಕ್ ಬಗ್ಗಿಸಿಕೊಂಡು ಗೇಟಿನಡಿ ನುಸುಳುತ್ತಾನೆ. ಅವನಿಗೆ ರೈಲು ಕಂಡಿಲ್ಲ. ಇದು ಇನ್ನೊಂದು. ಮೊದಲನೆಯದರಲ್ಲಿ ನಿಮಗೂ ಗೊತ್ತಿಲ್ಲ. ಎರಡನೆಯದರಲ್ಲಿ ನಿಮಗೊಬ್ಬರಿಗೇ ಗೊತ್ತು, ಕೂಗಿದರೂ ಅವನಿಗೆ ಕೇಳುವುದಿಲ್ಲ. ನಿಮಗೆ ಯಾವುದು ಇಷ್ಟ ಅನ್ನುವುದರ ಮೇಲೆ ಅರ್ಧ ಆಯ್ಕೆ ಮುಗಿದ ಹಾಗೆ.

ಹುಡುಕುವವನ ಪಕ್ಕದ ಸೀಟು

ಮೊದಲ ಸಲ ಓದುವವರಿಗೆ ನಾನು ಹೇಳುವುದು ಅಗಾಥಾ ಕ್ರಿಸ್ಟಿಯ "ದಿ ಎ.ಬಿ.ಸಿ. ಮರ್ಡರ್ಸ್". 1936ರದ್ದು. ಕೊಲೆಗಾರ ಅಕ್ಷರಮಾಲೆ ಹಿಡಿದು ಹೊರಟಿದ್ದಾನೆ. ಆಂಡೋವರ್ ಅನ್ನುವ ಊರಲ್ಲಿ ಒಂದು, ಬೆಕ್ಸ್‌ಹಿಲ್ಲಿನಲ್ಲಿ ಇನ್ನೊಂದು, ಚರ್ಸ್ಟನ್ನಿನಲ್ಲಿ ಮೂರನೆಯದು. ಸತ್ತವರ ಹೆಸರೂ ಅದೇ ಅಕ್ಷರದ್ದು. ಪ್ರತಿ ಹೆಣದ ಹತ್ತಿರ ಎ.ಬಿ.ಸಿ. ಅನ್ನುವ ರೈಲ್ವೆ ಟೈಮ್‌ಟೇಬಲ್ ಪುಸ್ತಕ. ಮೊದಲೇ ಪತ್ತೇದಾರ ಪೊಯ್ರೋಗೆ ಕಾಗದ ಬರೆದು, ಇಂಥ ದಿನ ಇಂಥ ಊರು ಅಂತ ತಿಳಿಸಿರುತ್ತಾನೆ. ಸವಾಲು ಅಂದರೆ ಇದು, ಅಲ್ವಾ?

ಇದರಲ್ಲಿ ರಕ್ತ ಹೆಚ್ಚುಕಡಿಮೆ ಇಲ್ಲ. ಇಂಗ್ಲಿಷ್ ಸರಳ. ಸಣ್ಣ ಪುಸ್ತಕ, ಚಿತ್ರದುರ್ಗಕ್ಕೆ ನಾಲ್ಕು ದಿನ ಹೋಗಿಬಂದರೆ ಮುಗಿಯುತ್ತದೆ. ಆದರೆ ಕ್ರಿಸ್ಟಿ ಇಲ್ಲಿ ಒಂದು ಕಿತಾಪತಿ ಮಾಡಿದ್ದಾಳೆ. ಕಥೆ ಹೇಳುವವನು ಪೊಯ್ರೋನ ಗೆಳೆಯ ಹೇಸ್ಟಿಂಗ್ಸ್. ನಡುನಡುವೆ ಹೇಸ್ಟಿಂಗ್ಸ್ ಕಣ್ಣಾರೆ ನೋಡದ ಕೆಲವು ಅಧ್ಯಾಯ ಬರುತ್ತವೆ. ಅಲ್ಲಿ ಬೇರೊಬ್ಬ ಮನುಷ್ಯನನ್ನು ತೋರಿಸುತ್ತಾಳೆ. ಆ ಅಧ್ಯಾಯಗಳನ್ನು ಹಾರಿಸಬೇಡಿ, ಅವಸರದಲ್ಲಿ ಓದಲೂಬೇಡಿ. ಇನ್ನು ಮುಂದೆ ಹೇಳಿದರೆ ನಿಮ್ಮ ಮಜಾ ಹೋಗುತ್ತದೆ.

ಇದೇ ಸೀಟಿನ ಈ ಕಾಲದ ರೂಪ ಬೇಕಿದ್ದರೆ ನಾರ್ವೆಯ ಯೂ ನೆಸ್ಬೋ ಬರೆದ "ದಿ ಸ್ನೋಮ್ಯಾನ್". ಮೂಲ 2007ರಲ್ಲಿ ಬಂತು. ಮೊದಲ ಹಿಮ ಬೀಳುತ್ತದೆ, ಒಬ್ಬ ಹೆಂಗಸು ಕಾಣೆಯಾಗುತ್ತಾಳೆ, ಅಂಗಳದಲ್ಲಿ ಒಂದು ಹಿಮದ ಬೊಂಬೆ ನಿಂತಿರುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ, ಫ್ಯಾನ್ ಬಿಸಿಗಾಳಿ ಬೀಸುತ್ತಿರುವಾಗ ಇದನ್ನು ಓದಿ ನೋಡಿ. ಕ್ರಿಸ್ಟಿಗಿಂತ ಎರಡರಷ್ಟು ದಪ್ಪ. ಹೆಸರುಗಳು ಜಾಸ್ತಿ, ಅದೂ ನಾರ್ವೆಯ ಹೆಸರುಗಳು. ಮೊದಲ 50 ಪುಟ ಯಾರು ಯಾರ ಗಂಡ ಅಂತ ನೆನಪಿಟ್ಟುಕೊಳ್ಳುವುದರಲ್ಲೇ ಹೋಗುತ್ತದೆ. ಇದು ಹ್ಯಾರಿ ಹೋಲ್ ಅನ್ನುವ ಪೊಲೀಸ್ ಅಧಿಕಾರಿಯ ಸರಣಿಯಲ್ಲಿ ಏಳನೆಯದು. ನೇರವಾಗಿ ಇದನ್ನೇ ಓದಬಹುದು, ನಾನೂ ಹಾಗೇ ಓದಿದ್ದು. ಹ್ಯಾರಿ ಯಾಕೆ ಅಷ್ಟು ಕುಡಿಯುತ್ತಾನೆ ಅಂತ ಆಮೇಲೆ ತಿಳಿದುಕೊಂಡರಾಯಿತು.

ಎರಡರಲ್ಲಿ ಯಾವುದು ಅಂದರೆ, ಒಗಟು ಬಿಡಿಸುವ ಆಸೆ ಇರುವವರು ಕ್ರಿಸ್ಟಿಯನ್ನು ತೆಗೆದುಕೊಳ್ಳಿ. ಭಯವೂ ಬೇಕು, ಹೆಣದ ವಿವರ ತಡೆದುಕೊಳ್ಳಬಲ್ಲೆ ಅನ್ನುವವರು ನೆಸ್ಬೋ.

ಇಬ್ಬರೂ ಕಾಣುವ ಸೀಟು

ಇದು ಗೇಟಿನಡಿ ಬೈಕ್ ನುಸುಳುವ ಜಾತಿ. ಇಲ್ಲಿ ಥಾಮಸ್ ಹ್ಯಾರಿಸ್‌ನ ಎರಡು ಪುಸ್ತಕಗಳ ನಡುವೆಯೇ ಹೋಲಿಕೆ ಮಾಡಬೇಕು. ಇವನ ಆಮೇಲೆ ಬಂದ ಎಷ್ಟೋ ಪುಸ್ತಕಗಳು ಇವನ ಜೆರಾಕ್ಸ್. ಮೂಲ ಇರುವಾಗ ಜೆರಾಕ್ಸ್ ಯಾಕೆ?

ಒಂದು "ರೆಡ್ ಡ್ರ್ಯಾಗನ್", 1981. ಇನ್ನೊಂದು "ದಿ ಸೈಲೆನ್ಸ್ ಆಫ್ ದ ಲ್ಯಾಂಬ್ಸ್", 1988. ಎರಡನೆಯದು ಸಿನಿಮಾ ಆಗಿ, ಅತ್ಯುತ್ತಮ ಚಿತ್ರದ ಆಸ್ಕರ್ ಕೂಡ ತಗೊಂಡಿದ್ದು ಎಲ್ಲರಿಗೂ ಗೊತ್ತು. ಅದಕ್ಕೇ ಜನ ಅದನ್ನೇ ಮೊದಲು ಎತ್ತಿಕೊಳ್ಳುತ್ತಾರೆ. ತಪ್ಪಿಲ್ಲ, ಬಿಡಿಯಾಗಿಯೂ ನಿಲ್ಲುತ್ತದೆ. ಇನ್ನೂ ಎಫ್‌ಬಿಐ ತರಬೇತಿಯಲ್ಲಿರುವ ಹುಡುಗಿ ಕ್ಲಾರಿಸ್, ಸೆರೆಯಲ್ಲಿರುವ ಒಬ್ಬ ಕೊಲೆಗಾರನಿಂದ ಹೊರಗಿರುವ ಇನ್ನೊಬ್ಬ ಕೊಲೆಗಾರನ ಸುಳಿವು ಕೇಳಲು ಹೋಗುತ್ತಾಳೆ. ಅವನು ಸುಮ್ನೆ ಹೇಳುವುದಿಲ್ಲ. ಒಂದು ಸುಳಿವಿಗೆ ಅವಳ ಬಾಲ್ಯದ ಒಂದು ನೆನಪು ಕೊಡಬೇಕು. ಈ ಚೌಕಾಸಿಯಲ್ಲಿ ಇರುವ ಬಿಗಿ ಓಡಾಟದ ದೃಶ್ಯಗಳಲ್ಲೂ ಇಲ್ಲ. ಗಂಡಸರೇ ತುಂಬಿದ ಇಲಾಖೆಯಲ್ಲಿ ಒಬ್ಬಳೇ ಹುಡುಗಿ ನಿಂತಾಗ ಹೇಗಿರುತ್ತದೆ ಅನ್ನುವುದನ್ನೂ ಹ್ಯಾರಿಸ್ ಬಲ್ಲ.

ಆದರೆ ನನ್ನನ್ನು ಕೇಳಿದರೆ "ರೆಡ್ ಡ್ರ್ಯಾಗನ್" ಒಂದು ತೂಕ ಹೆಚ್ಚು. ಕೊಲೆಗಾರ ಯಾರು ಅಂತ ಓದುಗರಿಗೆ ಬೇಗ ಗೊತ್ತಾಗಿಬಿಡುತ್ತದೆ. ಅವನ ಕೆಲಸ ಏನು, ಮನೆ ಹೇಗಿದೆ, ಚಿಕ್ಕಂದಿನಲ್ಲಿ ಅವನಿಗೆ ಏನಾಯಿತು, ಎಲ್ಲಾ. ಹುಣ್ಣಿಮೆಗೊಂದು ಕುಟುಂಬ ಅಂತ ಅವನ ಲೆಕ್ಕ. ಹುಡುಕುವವನ ಹತ್ತಿರ ಇರುವುದು ಮುಂದಿನ ಹುಣ್ಣಿಮೆವರೆಗೆ ಮಾತ್ರ. ನಡುವೆ ಆ ಕೊಲೆಗಾರನ ಬಾಳಿಗೆ ಒಬ್ಬಳು ಹೆಂಗಸು ಬರುತ್ತಾಳೆ. ಅವಳಿಗೆ ಕಣ್ಣು ಕಾಣುವುದಿಲ್ಲ. ನಮಗೆ ಅವನು ಯಾರಂತ ಗೊತ್ತು, ಅವಳಿಗೆ ಗೊತ್ತಿಲ್ಲ. ಅವನ ಬಗ್ಗೆ ಅಯ್ಯೋ ಪಾಪ ಅನ್ನಿಸುತ್ತದೆ. ಅನ್ನಿಸಿದ್ದಕ್ಕೆ ನಮ್ಮ ಮೇಲೇ ನಮಗೆ ಸಿಟ್ಟು ಬರುತ್ತದೆ.

ಈ ಪುಸ್ತಕದ ದೆಸೆಯಿಂದಲೇ ನಾನು ಒಂದು ಬೆಳಿಗ್ಗೆ ಚಿತ್ರದುರ್ಗದಲ್ಲಿ ಇಳಿಯಲಿಲ್ಲ. ಬೆಂಗಳೂರು ಬಸ್ಸು ಅದು. ನಿಲ್ದಾಣಕ್ಕೆ ಹೋಗಿದ್ದೂ ಗೊತ್ತಾಗಲಿಲ್ಲ, ಹೊರಟಿದ್ದೂ ಗೊತ್ತಾಗಲಿಲ್ಲ. ಕಂಡಕ್ಟರು ಬಂದು "ಎಲ್ಲಿಗ್ರೀ ಮೇಡಂ, ದುರ್ಗ ಹೋತಲ್ರೀ" ಅಂದಾಗ ತಲೆ ಎತ್ತಿದರೆ ಗುಡ್ಡದ ಮೇಲೆ ಗಾಳಿಯಂತ್ರಗಳು. ಐಮಂಗಲದಲ್ಲಿ ಇಳಿದು ಆ ಕಡೆ ರಸ್ತೆಗೆ ದಾಟಿ, ಹಿರಿಯೂರಿನಿಂದ ಬರುವ ಬಸ್ಸಿಗೆ ಕಾದು ನಿಂತೆ. ಆಫೀಸಿಗೆ ಒಂದೂವರೆ ಗಂಟೆ ತಡ. ಕಾರಣ ಕೇಳಿದರು, ಬಸ್ ಕೆಟ್ಟಿತ್ತು ಅಂದೆ.

ಕೊಲೆಗಾರನ ತಲೆಯೊಳಗಿನ ಸೀಟು

ಅಕ್ಕನಿಗೆ ನಾನು ಕೊಟ್ಟಿದ್ದು ಇದನ್ನೇ. ಜಿಮ್ ಥಾಂಪ್ಸನ್‌ನ "ದಿ ಕಿಲ್ಲರ್ ಇನ್‌ಸೈಡ್ ಮಿ", 1952. ಅಮೆರಿಕದ ಟೆಕ್ಸಾಸಿನ ಒಂದು ಸಣ್ಣ ಊರು. ಅಲ್ಲಿನ ಡೆಪ್ಯುಟಿ ಶೆರಿಫ್ ಲೂ ಫೋರ್ಡ್, ಅಂದರೆ ಊರಿನ ಪೊಲೀಸಪ್ಪ, ತಾನೇ ಕಥೆ ಹೇಳುತ್ತಾನೆ. ಊರಿಗೆಲ್ಲ ಒಳ್ಳೆಯವನು. ಸ್ವಲ್ಪ ಮಂಕು ಅಂತಲೂ ಜನ ತಿಳಿದಿದ್ದಾರೆ. ಯಾರಾದರೂ ಸಿಕ್ಕಿದರೆ ಸವಕಲು ಗಾದೆಗಳನ್ನು ಒಂದರ ಹಿಂದೆ ಒಂದು ಹೇಳಿ ಕೊರೆಯುತ್ತಾನೆ. ಅವರು ತಪ್ಪಿಸಿಕೊಳ್ಳಲೂ ಆಗದೆ ಒದ್ದಾಡುವುದನ್ನು ಒಳಗೊಳಗೇ ನೋಡಿ ಖುಷಿಪಡುತ್ತಾನೆ. ಮೊದಲು ನಮಗೂ ನಗು ಬರುತ್ತದೆ. ಆಮೇಲೆ ಗೊತ್ತಾಗುತ್ತದೆ, ಅವನು ಆಡುತ್ತಿರುವ ಆಟ ನಮ್ಮ ಜೊತೆಗೂ ಇದೆ ಅಂತ.

ಹೆಂಗಸರ ಮೇಲಿನ ಹಿಂಸೆ ಈ ಪುಸ್ತಕದಲ್ಲಿ ನೇರವಾಗಿ ಇದೆ. ಇದನ್ನು ಮೊದಲೇ ಹೇಳದೆ ಯಾರ ಕೈಗೂ ಕೊಡಬಾರದು. ನಾನು ಕೊಟ್ಟೆ, ಅನುಭವಿಸಿದೆ.

ನಮ್ಮ ಕಡೆಯವರಿಗೆ ಈ ಸೀಟು ಇನ್ನೂ ಸ್ವಲ್ಪ ಚುಚ್ಚುತ್ತದೆ. ಯಾಕೆ ಅಂದರೆ ಹೆಂಗಸರ ಮೇಲಿನ ಅತ್ಯಾಚಾರ, ಕೊಲೆಗಳಿಂದ ಕುಖ್ಯಾತನಾದ ಉಮೇಶ್ ರೆಡ್ಡಿ ಚಿತ್ರದುರ್ಗ ಜಿಲ್ಲೆಯವನು, ಪೊಲೀಸ್ ಪೇದೆಯಾಗಿದ್ದವನು. ಅವನಿಗೆ ಆಗಿದ್ದ ಗಲ್ಲು ಶಿಕ್ಷೆಯನ್ನು 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಜೀವಾವಧಿಗೆ ಇಳಿಸಿತು. ವರ್ಷಗಟ್ಟಲೆ ಅವನನ್ನು ಒಂಟಿ ಸೆರೆಯಲ್ಲಿ ಇಟ್ಟಿದ್ದು ಕಾನೂನಿಗೆ ಸರಿಯಲ್ಲ ಅನ್ನುವುದು ಕಾರಣ. ಖಾಕಿ ಹಾಕಿದವನೇ ಹೀಗಾದರೆ ಅನ್ನುವುದು ದೂರದ ಟೆಕ್ಸಾಸಿನ ಕಥೆ ಅಂತ ಇಲ್ಲಿ ಕೂತು ಓದುವವರಿಗೆ ಅನ್ನಿಸುವುದಿಲ್ಲ. ಹಿರಿಯರಿಗೆ ಆ ಹೆಸರು ಹೇಳಿ ನೋಡಿ, ಮುಖ ಬದಲಾಗುತ್ತದೆ.

ಹಾಗಂತ ಈ ಸೀಟೇ ಬೇಡ ಅನ್ನಲಾರೆ. ಬರವಣಿಗೆ ಅಂತ ನೋಡಿದರೆ ಈ ಪಟ್ಟಿಯಲ್ಲಿ ಅತಿ ಕಷ್ಟದ ಕೆಲಸ ಮಾಡಿರುವುದು ಇದೇ ಪುಸ್ತಕ. ಕೊಲೆಗಾರನನ್ನು ಬುದ್ಧಿವಂತ, ಸ್ಟೈಲಿಷ್, ಒಳ್ಳೆ ಸಂಗೀತ ಕೇಳುವವ ಅಂತೆಲ್ಲ ಮೆರೆಸುವ ಪುಸ್ತಕಗಳು ಬೇಕಾದಷ್ಟಿವೆ. ಅವನ್ನು ನಾನು ಹತ್ತು ಪುಟಕ್ಕೇ ಮುಚ್ಚುತ್ತೇನೆ. ಥಾಂಪ್ಸನ್ ಮೆರೆಸುವುದಿಲ್ಲ. ಆದರೆ ಇದು ಮೂರನೆಯದೋ ನಾಲ್ಕನೆಯದೋ ಆಗಿ ಓದುವ ಪುಸ್ತಕ. ಮೊದಲನೆಯದಲ್ಲ.

ಅಡುಗೆಮನೆಯ ಸೀಟು

ನನಗೆ ಅತಿ ಇಷ್ಟವಾದ ಸೀಟು ಇದು. ಇಲ್ಲಿ ಪೊಲೀಸರು ದೂರದಲ್ಲೆಲ್ಲೋ ಇರುತ್ತಾರೆ. ಕೊಲೆಗಾರ ತಲೆ ತೆರೆದು ತೋರಿಸುವುದಿಲ್ಲ. ಕಥೆ ನಡೆಯುವುದು ಅವನ ಜೊತೆ ಒಂದೇ ಸೂರಿನಡಿ ಇರುವವರ ಮನಸ್ಸಿನಲ್ಲಿ. ಇವನೇ ಇರಬಹುದಾ? ಇದ್ದರೆ ನಾನೇನು ಮಾಡಲಿ? ಹೇಳಿದರೆ ನನ್ನ ಗತಿ ಏನು?

ಮೇರಿ ಬೆಲಾಕ್ ಲೌಂಡ್ಸ್ ಬರೆದ "ದಿ ಲಾಡ್ಜರ್" 1913ರ ಕಾದಂಬರಿ. 1888ರಲ್ಲಿ ಲಂಡನ್ನಿನ ವೈಟ್‌ಚಾಪೆಲ್‌ನಲ್ಲಿ ಜ್ಯಾಕ್ ದ ರಿಪ್ಪರ್ ಅಂತ ಹೆಸರಾದ, ಕೊನೆಗೂ ಸಿಗದ ಆ ಕೊಲೆಗಾರನ ನೆರಳು ಇದರ ಮೇಲಿದೆ. ಗಂಡ ಹೆಂಡತಿ, ಬಂಟಿಂಗ್ ದಂಪತಿ. ಕೈಯಲ್ಲಿ ಕಾಸಿಲ್ಲ. ಮನೆಯ ರೂಮು ಬಾಡಿಗೆಗೆ ಇದೆ ಅಂತ ಬೋರ್ಡ್ ಹಾಕಿ ಕೂತಿದ್ದಾರೆ, ಯಾರೂ ಬಂದಿಲ್ಲ. ಇನ್ನೇನು ಉಪವಾಸ ಅನ್ನುವಾಗ ಒಬ್ಬ ಬಾಗಿಲು ತಟ್ಟುತ್ತಾನೆ. ಒಳ್ಳೆ ಮಾತು, ಮುಂಗಡ ಹಣ. ಒಂದೇ ವಿಚಿತ್ರ ಅಂದರೆ ನಡುರಾತ್ರಿ ಮೆಲ್ಲಗೆ ಮೆಟ್ಟಿಲಿಳಿದು ಹೊರಗೆ ಹೋಗುತ್ತಾನೆ. ಮರುದಿನ ಬೀದಿಯಲ್ಲಿ ಪೇಪರ್ ಹುಡುಗರು ಇನ್ನೊಂದು ಕೊಲೆ ಅಂತ ಕೂಗುತ್ತಾರೆ.

ದಾವಣಗೆರೆಯಲ್ಲಿ ಇದನ್ನು ಓದುವ ರುಚಿಯೇ ಬೇರೆ. ಮೆಡಿಕಲ್, ಇಂಜಿನಿಯರಿಂಗ್ ಕಾಲೇಜುಗಳ ಊರು ನಮ್ಮದು. ವಿದ್ಯಾನಗರದ ಕಡೆ, ಎಂಸಿಸಿ ಬ್ಲಾಕುಗಳ ಕಡೆ ಹೋದರೆ ಮಹಡಿ ಮೇಲೊಂದು ರೂಮು ಹುಡುಗರಿಗೆ ಬಾಡಿಗೆಗೆ ಕೊಡದ ಮನೆ ಹುಡುಕಬೇಕು. ಆಧಾರ್ ಜೆರಾಕ್ಸ್ ಇಸಿದುಕೊಂಡು, ಅಡ್ವಾನ್ಸ್ ಎಣಿಸಿಕೊಂಡು, "ರಾತ್ರಿ ಹತ್ತರ ಮೇಲೆ ಗೇಟ್ ಹಾಕ್ತೀವಪ್ಪಾ" ಅನ್ನುವ ಮನೆ ಒಡತಿಯರಿಗೆ ಬಂಟಿಂಗ್ ಅಮ್ಮನ ಸಂಕಟ ಚೆನ್ನಾಗಿ ಅರ್ಥವಾಗುತ್ತದೆ. ಅವಳಿಗೆ ಅನುಮಾನ ಬಂದಿದೆ. ಆದರೆ ಆ ಬಾಡಿಗೆ ಹಣದಿಂದಲೇ ಒಲೆ ಉರಿಯುತ್ತಿದೆ. ಅನುಮಾನವನ್ನು ಗಂಡನಿಗೂ ಹೇಳುವುದಿಲ್ಲ. ಗಂಡನಿಗೂ ಅನುಮಾನ, ಅವನೂ ಹೇಳುವುದಿಲ್ಲ. ಮೇಲಿನ ಮಹಡಿಯಲ್ಲಿ ಹೆಜ್ಜೆ ಸಪ್ಪಳ, ಕೆಳಗೆ ಇಬ್ಬರೂ ಎಚ್ಚರವಾಗಿ ಮಲಗಿದ್ದಾರೆ. ಒಂದು ಹನಿ ರಕ್ತ ತೋರಿಸದೆ ಇಷ್ಟು ಹೆದರಿಸಬಹುದು ಅಂತ ನನಗೆ ಗೊತ್ತಿರಲಿಲ್ಲ.

ಭಾಷೆ ನೂರು ವರ್ಷ ಹಳೆಯದು, ನಡಿಗೆ ನಿಧಾನ. ಮೊದಲ ಎರಡು ಅಧ್ಯಾಯ ಸಹಿಸಿಕೊಳ್ಳಿ. ಲೇಖಕಿ ತೀರಿಕೊಂಡಿದ್ದು 1947ರಲ್ಲಿ. ಅಂದರೆ ನಮ್ಮ ದೇಶದ 60 ವರ್ಷದ ಲೆಕ್ಕದಲ್ಲಿ ಹಕ್ಕುಸ್ವಾಮ್ಯ ಎಂದೋ ಮುಗಿದಿದೆ. ಪ್ರಾಜೆಕ್ಟ್ ಗುಟೆನ್‌ಬರ್ಗ್ ಅನ್ನುವ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ, ಮೊಬೈಲಿಗೆ ಇಳಿಸಿಕೊಂಡರಾಯಿತು. ದುಡ್ಡು ಕೊಡದೆ ಶುರು ಮಾಡುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ.

ಇದರ ಪಕ್ಕ ಇಟ್ಟು ನೋಡಬೇಕಾದದ್ದು ಓಯಿಂಕನ್ ಬ್ರೈತ್‌ವೇಟ್ ಬರೆದ "ಮೈ ಸಿಸ್ಟರ್, ದ ಸೀರಿಯಲ್ ಕಿಲ್ಲರ್". 2018ರದ್ದು, ನೈಜೀರಿಯಾದ ಲಾಗೋಸ್ ನಗರದ ಕಥೆ. ಅಕ್ಕ ಕೊರೆಡೆ ಆಸ್ಪತ್ರೆಯಲ್ಲಿ ನರ್ಸ್. ತಂಗಿ ಆಯೂಲಾ ಚೆಲುವೆ. ತಂಗಿಯ ಫೋನ್ ಬರುತ್ತದೆ, ಅಕ್ಕ ಬ್ಲೀಚು, ಗ್ಲೌಸು ಎತ್ತಿಕೊಂಡು ಹೊರಡುತ್ತಾಳೆ. ತಂಗಿ ಕೊಂದ ಗೆಳೆಯ ಇವನು ಮೂರನೆಯವನು. ಇದು ಶುರುವಿನಲ್ಲೇ ಬರುವುದರಿಂದ ಹೇಳಿದರೆ ತೊಂದರೆ ಇಲ್ಲ. ಚಡಪಡಿಕೆ ಶುರುವಾಗುವುದು ಆಮೇಲೆ. ಅಕ್ಕ ಮನಸ್ಸಿನಲ್ಲೇ ಇಟ್ಟುಕೊಂಡಿದ್ದ ಡಾಕ್ಟರ ಕಣ್ಣು ತಂಗಿಯ ಮೇಲೆ ಬೀಳುತ್ತದೆ.

ಒಂದೊಂದು ಅಧ್ಯಾಯ ಎರಡು ಮೂರು ಪುಟ. ನಗು ಬರುತ್ತದೆ, ಕರಿ ನಗು. ಆದರೆ ಒಳಗಿರುವುದು ನಮ್ಮ ಮನೆಗಳದ್ದೇ ಮಾತು: ನೀನು ದೊಡ್ಡವಳು, ನೀನೇ ಹೊಂದಿಕೊಂಡು ಹೋಗು, ತಂಗಿಯನ್ನು ನೋಡಿಕೋ. ಮನೆಗೆ ಹಿರಿ ಮಗಳಾಗಿ ಹುಟ್ಟಿದವರು ಯಾರೇ ಇರಲಿ, ಕಣ್ಣು ಮುಚ್ಚಿ ಇದನ್ನು ಕೊಡುತ್ತೇನೆ. ಬುಕರ್ ಬಹುಮಾನದ 2019ರ ಮೊದಲ ಪಟ್ಟಿಯಲ್ಲೂ ಇತ್ತು. ಒಂದು ಭಾನುವಾರಕ್ಕೆ ಮುಗಿಯುತ್ತದೆ.

"ಲಾಡ್ಜರ್" ಒಳಗೆ ಹೆದರಿಕೆ ಹೆಚ್ಚು. "ಮೈ ಸಿಸ್ಟರ್" ಒಳಗೆ ವೇಗ ಹೆಚ್ಚು, ರಕ್ತವೂ ಸ್ವಲ್ಪ ಇದೆ, ಅದನ್ನು ಒರೆಸುವ ವಿಧಾನ ಸಮೇತ.

ನಿಜವಾಗಿ ನಡೆದದ್ದೇ ಬೇಕಾ?

ಕೆಲವರು ಕಾದಂಬರಿ ಯಾಕೆ, ನಿಜ ಪ್ರಕರಣದ ಪುಸ್ತಕವೇ ಓದುತ್ತೇವೆ ಅನ್ನುತ್ತಾರೆ. ಓದಲಿ. ಆನ್ ರೂಲ್ ಬರೆದ "ದಿ ಸ್ಟ್ರೇಂಜರ್ ಬಿಸೈಡ್ ಮಿ" 1980ರಲ್ಲಿ ಬಂತು. ಆಕೆ ಸಿಯಾಟಲ್‌ನಲ್ಲಿ ನೊಂದವರ ಕರೆ ಕೇಳುವ ಸಹಾಯವಾಣಿಯಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದಳು. ಪಕ್ಕದ ಫೋನಿನಲ್ಲಿ ಕೂರುತ್ತಿದ್ದ ಒಳ್ಳೆ ಹುಡುಗ ಟೆಡ್ ಬಂಡಿ. ಆಮೇಲೆ ಆ ಕಡೆ ಹುಡುಗಿಯರು ಕಾಣೆಯಾಗತೊಡಗಿದಾಗ, ಆ ಅಪರಿಚಿತ ಕೊಲೆಗಾರನ ಬಗ್ಗೆ ಪುಸ್ತಕ ಬರೆಯಲು ಈಕೆ ಒಪ್ಪಂದ ಮಾಡಿಕೊಂಡಳು. ಬರೆಯಬೇಕಾದವನು ತನ್ನ ಗೆಳೆಯನೇ ಅಂತ ಆಗ ಗೊತ್ತಿರಲಿಲ್ಲ. ಯಾವ ಕಾದಂಬರಿಕಾರ ಹೀಗೆ ಬರೆದರೂ ಅತಿ ಆಯ್ತು ಅನ್ನುತ್ತಿದ್ದೆವು.

ಆದರೆ ಒಂದು ವ್ಯತ್ಯಾಸ ಇದೆ. ಕಾದಂಬರಿ ಮುಚ್ಚಿದರೆ ಸತ್ತವರು ಎದ್ದು ಹೋಗುತ್ತಾರೆ. ಇಲ್ಲಿ ಹೋಗುವುದಿಲ್ಲ. ನಮ್ಮ ರಾಜ್ಯದ್ದೇ ಸೈನೈಡ್ ಮೋಹನ್ ಪ್ರಕರಣ ತಗೊಳ್ಳಿ. ಶಾಲೆ ಮೇಷ್ಟ್ರಾಗಿದ್ದವನು. 2003ರಿಂದ 2009ರವರೆಗೆ ನಡೆದ 20 ಹೆಣ್ಣುಮಕ್ಕಳ ಕೊಲೆ ಪ್ರಕರಣ ಅವನ ಮೇಲೆ ಬಂತು. ಮದುವೆಯಾಗುವುದಾಗಿ ನಂಬಿಸಿ ಬೇರೆ ಊರಿಗೆ ಕರೆದೊಯ್ದು, ಬಸ್ ನಿಲ್ದಾಣದಲ್ಲಿ ಗುಳಿಗೆ ಕೊಟ್ಟು ಶೌಚಾಲಯಕ್ಕೆ ಕಳಿಸುತ್ತಿದ್ದ. ಕೊನೆಗೆ ಸಿಕ್ಕಿಬಿದ್ದಿದ್ದು ಕಾಣೆಯಾದ ಒಬ್ಬಳ ಮೊಬೈಲ್ ಕರೆಗಳ ಜಾಡು ಹಿಡಿದಾಗ. ದಿನಾ ಬಸ್ ನಿಲ್ದಾಣದಲ್ಲಿ ನಿಲ್ಲುವ ನನಗೆ ಇದನ್ನು ಥ್ರಿಲ್ ಅಂತ ಓದಲು ಆಗುವುದಿಲ್ಲ. ನಿಮಗೆ ಆಗಬಹುದು.

ಕನ್ನಡ, ಇಂಗ್ಲಿಷ್, ಕಿವಿ

ಕನ್ನಡದಲ್ಲೇ ಬೇಕು ಅನ್ನುವವರಿಗೆ ಮೊದಲು ಒಂದು ಕಹಿ ಮಾತು. ಪತ್ತೇದಾರಿ ನಮ್ಮಲ್ಲಿ ಬೇಕಾದಷ್ಟಿದೆ. ನಾಲ್ಕನೇ ಕ್ಲಾಸಿನವರೆಗೆ ಮಾತ್ರ ಓದಿದ್ದ ಎನ್. ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಕಾದಂಬರಿ ಬರೆದು, ಒಂದಿಡೀ ತಲೆಮಾರಿಗೆ ಓದುವ ಚಟ ಹಿಡಿಸಿದರು. ನಮ್ಮ ಅಪ್ಪ ಅವರ ಪುಸ್ತಕಗಳನ್ನು ಬಾಡಿಗೆ ಲೈಬ್ರರಿಯಿಂದ ತಂದು ಪಠ್ಯಪುಸ್ತಕದೊಳಗೆ ಇಟ್ಟುಕೊಂಡು ಓದಿದವರು. ಆದರೆ ಸರಣಿ ಹಂತಕನನ್ನೇ ನಡುವೆ ಇಟ್ಟುಕೊಂಡ ಕನ್ನಡ ಕಾದಂಬರಿ ನನ್ನ ಕೈಗೆ ಸಿಕ್ಕಿದ್ದು ಬೆರಳೆಣಿಕೆ. ನಮ್ಮ ಪತ್ತೇದಾರಿಯ ಜೀವ ಇದ್ದಿದ್ದು ವೇಷ, ಮೋಸ, ಆಸ್ತಿ, ಗುಪ್ತ ದಾರಿ ಇವುಗಳಲ್ಲಿ.

ಹುಡುಕುವ ದಾರಿ ಇದೆ. ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಕಾದಂಬರಿ ಕಪಾಟಿನ ಕೆಳಗಿನ ಸಾಲು ನೋಡಿ. ಮೇಲಿನ ಸಾಲಿನಲ್ಲಿ ಪ್ರಶಸ್ತಿ ಬಂದವರು ಕೂತಿರುತ್ತಾರೆ. ಬೆನ್ನು ಹರಿದು, ಅಂಟು ಹಚ್ಚಿ, ಮತ್ತೆ ಹರಿದ ಪುಸ್ತಕ ಸಿಕ್ಕಿದರೆ ಎತ್ತಿಕೊಳ್ಳಿ. ಅಷ್ಟು ಕೈ ದಾಟಿದೆ ಅಂದರೆ ಸುಮ್ನೆ ಅಲ್ಲ. ಮೈಲ್ಯಾಂಗ್ ಥರದ ಕನ್ನಡ ಇ-ಪುಸ್ತಕದ ಆ್ಯಪಿನಲ್ಲಿ ಹೊಸಬರ ಥ್ರಿಲ್ಲರುಗಳು ಬರುತ್ತಿರುತ್ತವೆ. ಕೊಳ್ಳುವ ಮೊದಲು ಸ್ಯಾಂಪಲ್ ಇದ್ದರೆ ಓದಿ ನೋಡಿ.

ಕೇಳುವ ಪುಸ್ತಕದ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಕ್ರಿಸ್ಟಿಯಂಥ ಒಗಟಿನ ಪುಸ್ತಕದಲ್ಲಿ ಹಿಂದಿನ ಪುಟಕ್ಕೆ ಹೋಗಿ ನೋಡಬೇಕಾಗುತ್ತದೆ, ಕಿವಿಯಲ್ಲಿ ಅದು ಕಷ್ಟ. "ಮೈ ಸಿಸ್ಟರ್" ಥರದ್ದು ಕೇಳಬಹುದು, ಯಾರೋ ಪಕ್ಕದಲ್ಲಿ ಕೂತು ಹೇಳಿದ ಹಾಗಿರುತ್ತದೆ. ಕುಂದವಾಡ ಕೆರೆ ಏರಿ ಮೇಲೆ ಬೆಳಗಿನ ಜಾವ ಒಬ್ಬರೇ ನಡೆಯುತ್ತಾ ಮಾತ್ರ ಕೇಳಬೇಡಿ. ಹಿಂದೆ ಯಾರೋ ಕೆಮ್ಮಿದರೆ ಎಷ್ಟು ಹಾರಿ ಬೀಳುತ್ತೀರಿ ಅಂತ ನನಗೆ ಗೊತ್ತು.

ಅಂಗಡಿಯಲ್ಲಿ ನಿಂತು ಗೊತ್ತಿಲ್ಲದ ಪುಸ್ತಕ ಕೈಯಲ್ಲಿ ಹಿಡಿದಾಗ ನಾನೊಂದು ಪರೀಕ್ಷೆ ಮಾಡುತ್ತೇನೆ. ಮೊದಲು ಸಾಯುವವರು ಬರುವ ಪುಟ ತೆಗೆಯುತ್ತೇನೆ. ಸಾಮಾನ್ಯವಾಗಿ ಅದು ಹೆಣ್ಣೇ, ಸಾಮಾನ್ಯವಾಗಿ ಮೊದಲ 20 ಪುಟದಲ್ಲೇ. ಅವಳಿಗೆ ಹೆಸರಿದೆಯಾ? ಸಾಯುವ ಮೊದಲು ಒಂದು ಕೆಲಸ, ಒಂದು ಯೋಚನೆ, ಫೋನ್ ಮಾಡಬೇಕಾದ ಒಬ್ಬ ತಾಯಿ ಇದ್ದಾಳಾ? ಅಥವಾ ಬರೀ ಕೂದಲ ಬಣ್ಣ, ಉಟ್ಟ ಬಟ್ಟೆ, ಗಾಯದ ಲೆಕ್ಕವಾ? ಎರಡನೆಯದಾದರೆ ಪುಸ್ತಕ ಕಪಾಟಿಗೆ ವಾಪಸ್. ನೀತಿಗೆ ಅಂತ ಅಲ್ಲ. ಸತ್ತವಳು ಯಾರಂತಲೇ ಗೊತ್ತಿಲ್ಲದಿದ್ದರೆ ಮುಂದಿನವಳು ಸತ್ತಾಳು ಅನ್ನುವ ಭಯ ಹೇಗೆ ಹುಟ್ಟಬೇಕು? ಕ್ರಿಸ್ಟಿಯ ಪುಸ್ತಕದಲ್ಲಿ ಮೊದಲು ಸಾಯುವ ಮುದುಕಿಗೂ ಒಂದು ಸಣ್ಣ ತಂಬಾಕು ಅಂಗಡಿ ಇದೆ, ಹಣ ಕೇಳಿ ಪೀಡಿಸುವ ಕುಡುಕ ಗಂಡನಿದ್ದಾನೆ.

ಕೊನೆಗೆ ಅಕ್ಕನಿಗೆ ಏನು ಕೊಟ್ಟೆ ಅಂದರೆ, "ಲಾಡ್ಜರ್". ಅವರ ಮೊಬೈಲಿಗೇ ಇಳಿಸಿಕೊಟ್ಟೆ. ಹೆಣದ ವಿವರ ಇಲ್ಲ, ಹಳೇ ಇಂಗ್ಲಿಷ್, ನಿಧಾನ ಇದೆ ಅಂತ ಮೂರನ್ನೂ ಮೊದಲೇ ಹೇಳಿದೆ. ಒಂದು ವಾರ ಮಾತಿಲ್ಲ. ಎಂಟನೇ ದಿನ ಊಟದ ಡಬ್ಬಿ ತೆಗೆಯುತ್ತಾ ನನ್ನ ಕಡೆ ಬಗ್ಗಿದರು.

"ಮೇಡಂ, ನಮ್ಮ ಮಹಡಿ ಮೇಲಿನ ಹುಡುಗ ಐದಾನಲ್ರಿ, ಆ ಇಂಜಿನಿಯರಿಂಗ್‌ನೋನು. ನಿನ್ನೆ ಹನ್ನೊಂದೂವರೆಗೆ ಮೆಲ್ಲಗೆ ಇಳಿದು ಹೋದ್ರಿ. ಚಪ್ಪಲಿ ಕೈಯಾಗ ಹಿಡ್ಕೊಂಡು."

"ಟೀ ಕುಡಿಯೋಕೆ ಇರುತ್ತೆ ಬಿಡ್ರಿ ಅಕ್ಕ. ನಿಮ್ಮ ಗೇಟ್ ಸಪ್ಪಳ ಆಗಬಾರದು ಅಂತ."

"ಹಂಗೇ ಅಂದ್ಕೊಂಡೆ," ಅಂದು ಎರಡು ತುತ್ತು ಉಂಡರು. "ಆದ್ರೂ ಅವನು ವಾಪಸ್ ಬರೋತನಕ ಎದ್ದೇ ಇದ್ದೆ. ಒಂದು ಗಂಟೆಗೆ ಬಂದ. ಅಷ್ಟರಾಗ ಹದಿನಾಲ್ಕನೇ ಅಧ್ಯಾಯ ಮುಗೀತ್ರಿ."